ಪದವಿನ ಹಸಿ ಗೆಲ್ಲು

ಟಿಟ್ಟಿಭ ಹಕ್ಕಿ ಮರದಲ್ಲಿ ಗೂಡು ಕಟ್ಟುವುದಿಲ್ಲ. ಬೇಸಿಗೆಯಲ್ಲಿ, ಕಾದ ಮುರಕಲ್ಲಿನ ಕೆಂಪು ಬಂಡೆಯ ಮೇಲೆ, ನಾಲ್ಕು ಕಲ್ಲಿನ ಚೂರುಗಳ ನಡುವೆ ಮೊಟ್ಟೆಯಿಟ್ಟು ಕೂರುತ್ತದೆ. ಇಷ್ಟೂ ತಿಳಿಯದವರು ನಮ್ಮ ಊರುಗಳ ಮುಂದಿನ ಇಪ್ಪತ್ತು ವರ್ಷದ ನಕ್ಷೆ ಬರೆಯುತ್ತಾರೆ. ಮರವಿಲ್ಲದ ನೆಲ ಕಂಡಲ್ಲೆಲ್ಲ ‘ಖಾಲಿ’ ಎಂದು ಗೀಟು ಹಾಕುತ್ತಾರೆ.

ಪುತ್ತೂರು ಬಳಿಯ ಕುಂಬ್ರದ ಮೇಲಿನ ಪದವು, ಎಂದರೆ ಗುಡ್ಡದ ಮೇಲಿನ ಮುರಕಲ್ಲಿನ ಬಯಲು, ಅಂಥ ‘ಖಾಲಿ’ ಜಾಗ. ಮಳೆಗಾಲದಲ್ಲಿ ಎಷ್ಟು ಹೊಯ್ದರೂ ಆ ಕಲ್ಲುಬಯಲು ನೀರು ಹಿಡಿದಿಡುವುದಿಲ್ಲ. ದೀಪಾವಳಿ ಕಳೆದದ್ದೇ ಹುಲ್ಲು ಒಣಗುತ್ತದೆ. ಮತ್ತೆ ಮಳೆ ಬೀಳುವ ತನಕ ಅದು ಬೇರೆಯೇ ಒಂದು ಸೀಮೆ. ಮೊಲಕ್ಕೆ, ಮುಳ್ಳುಹಂದಿಗೆ, ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೆ ಬೇಕಾದದ್ದೂ ಆ ಒಣ ಬಯಲೇ. ನಡುವೆ ಒಂದು ತಗ್ಗು ಉಂಟು, ಪಳ್ಳ ಎನ್ನುತ್ತಾರೆ. ಏಪ್ರಿಲಿನಲ್ಲೂ ಅಲ್ಲಿ ಹಕ್ಕಿಯ ಕೊಕ್ಕು ನೆನೆಯುವಷ್ಟು ನೀರಿರುತ್ತದೆ.

ಈಶ್ವರಿ ಆ ಪದವು ಹತ್ತತೊಡಗಿದ್ದು ಹನ್ನೆರಡನೇ ವಯಸ್ಸಿಗೆ, ಮಾಡಿಗೆ ಹೊದೆಸುವ ಮುಳಿಹುಲ್ಲು ಕೊಯ್ಯಲು. ಈಗ ಅರವತ್ತೆರಡು. ಮುಳಿಯ ಮಾಡುಗಳೆಲ್ಲ ಹೋಗಿ ತಾರಸಿ ಬಂದರೂ, ಇಬ್ಬರು ಮೂವರು ಹೆಂಗಸರೊಡನೆ ದನಗಳ ಹುಲ್ಲಿಗೆ, ಹಟ್ಟಿಗೆ ಹಾಸುವ ತರಗೆಲೆಗೆ ಈಗಲೂ ಹತ್ತುತ್ತಾಳೆ.

ತಲೆಯ ಮೇಲೆ ಹೊರೆಯಿದ್ದವಳಿಗೆ ದೂರದ ದಾರಿ ಕಾಣುತ್ತದೆ, ತನ್ನ ಪಾದ ಕಾಣುವುದಿಲ್ಲ. ಅದಕ್ಕೇ ಆ ಹೆಂಗಸರಲ್ಲಿ ಒಂದು ಕ್ರಮ. ಮೊಟ್ಟೆ ಕಂಡವಳು ಒಂದು ಹಸಿ ಗೆಲ್ಲು, ಎಲೆಯಿರುವ ಸಣ್ಣ ಕೊಂಬೆ, ಮುರಿದು ಪಕ್ಕದ ಕಲ್ಲಿನ ಸಂದಿಗೆ ಊರಬೇಕು. ಕಂದು ಬಯಲಿನಲ್ಲಿ ಹಸಿರು ಕಂಡರೆ ಹಿಂದಿನವಳು ದೂರದಿಂದಲೇ ಸುತ್ತು ಬಳಸಬೇಕು. ಗೆಲ್ಲು ಬಾಡಿದರೆ ಮರುದಿನ ಹೊಸತು. ಯಾರೂ ಬರೆದಿಟ್ಟದ್ದಲ್ಲ, ಆದರೂ ಐವತ್ತು ವರ್ಷದಲ್ಲಿ ಒಂದು ಮೊಟ್ಟೆ ತುಳಿದದ್ದು ಈಶ್ವರಿಗೆ ನೆನಪಿಲ್ಲ.

ಈ ಮಾರ್ಚಿನಲ್ಲಿ ಪದವು ಸೈಟುಗಳಾಯಿತು. ಕಂಬ ಬಂತು, ಬೋರ್ಡು ಬಂತು, ಜೆಸಿಬಿ ಬಂತು. ಈಶ್ವರಿ ಊರಿದ ಗೆಲ್ಲಿನ ಬುಡದಲ್ಲಿ ನಾಲ್ಕು ಮೊಟ್ಟೆ. ಇಟ್ಟು ಇಪ್ಪತ್ತನಾಲ್ಕು ದಿನ. ಇನ್ನು ನಾಲ್ಕು ದಿನ ಸಿಕ್ಕಿದರೆ ಮರಿ.

ಜೆಸಿಬಿಯ ಅಷ್ಟು ಎತ್ತರದಲ್ಲಿ ಕೂತವನಿಗೆ ಗೆಲ್ಲು ಕಾಣುತ್ತದೋ ಇಲ್ಲವೋ ಎಂದು ಅವಳಿಗೆ ಚಿಂತೆ. ಹಳೇ ಸೀರೆಯ ಕೆಂಪು ಅಂಚು ಹರಿದು, ಕೋಲಿಗೆ ಕಟ್ಟಿ, ಗೆಲ್ಲಿನ ಪಕ್ಕ ನೆಟ್ಟಳು. ತಪ್ಪಾದದ್ದು ಅಲ್ಲಿಯೇ. ಸರ್ವೆಯವರು ರಸ್ತೆ ಗುರುತಿಗೆ ನೆಟ್ಟದ್ದೂ ಕೆಂಪು ಬಟ್ಟೆಯ ಕೋಲೇ.

ಮರುದಿನ ಬೆಳಿಗ್ಗೆ ಜೆಸಿಬಿ ನೆಟ್ಟಗೆ ಆ ಕೋಲಿನ ಕಡೆಗೇ ಬಂತು. ಹಕ್ಕಿ ಚೀರುತ್ತ ಚಾಲಕನ ಗಾಜಿಗೆ ಎರಗಿತು. ಈಶ್ವರಿ ಹೊರೆ ಬಿಸಾಡಿ ಓಡಿ ಬಂದು ಎದುರು ನಿಂತಳು.

ಚಾಲಕ ಜಾಸಿರ್ ಇಂಜಿನ್ ಆರಿಸಿದ. “ಎಂತ ಅಕ್ಕ, ಸಾಯ್ಲಿಕ್ಕೆ ಬೇರೆ ಜಾಗ ಸಿಗ್ಲಿಲ್ವಾ?”

“ನಂಗೆ ಸಿಗ್ತದೆ ಮಾರಾಯ. ಇದಕ್ಕೆ ಸಿಗುದಿಲ್ಲ.”

ಅವನು ಇಳಿದು ಬಂದ. ಮೊದಲು ಕಂಡದ್ದು ಮೊಟ್ಟೆಯಲ್ಲ, ಗೆಲ್ಲು.

“ಇದು ನೀವು ಊರಿದ್ದಾ?” ಅವನ ದನಿ ತಗ್ಗಿತು. “ನಮ್ಮ ಅಜ್ಜಿ ಹೇಳ್ತಿದ್ರು, ಹಸಿ ಗೆಲ್ಲು ಕಂಡ್ರೆ ಕಾಲಿಡ್ಬೇಡ ಅಂತ.”

“ಯಾರ ಮೊಮ್ಮಗ ನೀನು?”

“ಬೀಫಾತುಮ್ಮನ.”

ಈಶ್ವರಿ ಅವನ ಮುಖವನ್ನೇ ನೋಡಿದಳು. ಹೊರೆ ಹೊತ್ತು ಮೂವತ್ತು ವರ್ಷ ತನ್ನ ಮುಂದೆ ನಡೆದ ಹೆಂಗಸು ಬೀಫಾತುಮ್ಮ. ಗೆಲ್ಲು ಊರುವುದನ್ನು ಕಲಿಸಿದ್ದೇ ಅವಳು. “ಇನ್ನು ನಾಲ್ಕು ದಿನ ಸಿಕ್ಕಿದ್ರೆ ಮರಿ ಆಗ್ತದೆ,” ಎಂದಳು.

ಅಷ್ಟರಲ್ಲಿ ಬೈಕಿನಲ್ಲಿ ಲೇಔಟಿನ ಉಸ್ತುವಾರಿ ರೂಪೇಶ್ ಬಂದ. ಮೊಟ್ಟೆ ನೋಡಿ ನಕ್ಕ. “ಹಕ್ಕಿ ಸೈಟ್ ಬುಕ್ ಮಾಡಿದ್ಯಾ ಅಕ್ಕ?”

“ಬುಕ್ ಮಾಡ್ಲಿಲ್ಲ. ನೀವು ಬರುವ ಮೊದ್ಲೇ ಕೂತದ್ದು.”

ರೂಪೇಶ್ ಜಾಸಿರನ ಕಡೆ ತಿರುಗಿದ. ಜಾಸಿರ್ ಯಂತ್ರದ ಅಡಿಗೆ ಬಗ್ಗಿ ನೋಡಿ ತಲೆ ಕೆರೆದ. “ಆಯಿಲ್ ಪೈಪ್ ಹೋಗಿದೆ ಅಣ್ಣ. ಪುತ್ತೂರಲ್ಲಿ ಸಿಗುದಿಲ್ಲ, ಮಂಗಳೂರಿಂದ ಬರ್ಬೇಕು. ನಾಲ್ಕು ದಿನ.”

ಹಾಳಾಗದ ಪೈಪು ನಾಲ್ಕು ದಿನ ದುರಸ್ತಿಯಾಯಿತು. ಐದನೆಯ ದಿನ ಈಶ್ವರಿ ಹೋದಾಗ ಮೂರು ಮರಿಗಳು, ಕಡ್ಡಿಯಂಥ ಕಾಲಿನವು, ತಾಯಿಯ ಹಿಂದೆ ಪಳ್ಳದ ಕಡೆಗೆ ಓಡುತ್ತಿದ್ದವು. ನಾಲ್ಕನೆಯ ಮೊಟ್ಟೆ ಒಡೆಯಲಿಲ್ಲ. ಅವಳು ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಮತ್ತೆ ಅಲ್ಲಿಯೇ ಇಟ್ಟಳು.

ಪಳ್ಳದ ಸುತ್ತಲೂ ಕೆಂಪು ಕೋಲುಗಳಿದ್ದವು. ಅವು ಅವಳು ನೆಟ್ಟವಲ್ಲ. ನಕ್ಷೆಯಲ್ಲಿ ಅಲ್ಲಿ ವಾಹನ ನಿಲ್ಲಿಸುವ ಜಾಗ.

ಈಶ್ವರಿ ಇಳಿಜಾರಿಗೆ ಹೋಗಿ ಒಂದು ಹಿಡಿ ಗೆಲ್ಲು ಮುರಿದು ತಂದಳು. ಪಳ್ಳದ ಸುತ್ತ ಒಂದೊಂದೇ ಊರುತ್ತ ಹೋದಳು.

“ಎಷ್ಟು ಊರ್ತೀರಿ ಅಕ್ಕ?” ಯಂತ್ರದ ಬಳಿ ನಿಂತಿದ್ದ ಜಾಸಿರ್ ಕೇಳಿದ. “ಇಲ್ಲಿ ಆದ್ಮೇಲೆ ಆಲಂಕಾರು ಪದವಿಗೆ ಹೋಗ್ಲಿಕ್ಕೆ ಹೇಳಿದ್ದಾರೆ ನಂಗೆ. ಮತ್ತೆ ಕಡಬದ್ದು. ಪ್ರತಿ ಸರ್ತಿ ಪೈಪ್ ಹೋಗುದಿಲ್ಲ.”

“ನಾನು ಇಲ್ಲಿದು ಊರ್ತೇನೆ. ಅಲ್ಲಿ ಯಾರೂ ಹೆಂಗಸ್ರು ಇಲ್ವಾ?”

ಜಾಸಿರ್ ಯಂತ್ರ ಹತ್ತಿದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನಲ್ಲ.

ನಿಮ್ಮೂರಿನ ಮೇಲೂ ಒಂದು ಪದವು ಉಂಟು. ಅದರ ನಕ್ಷೆ ಪಂಚಾಯಿತಿಗೆ ಬರುತ್ತದೆ, ಬಂದಿರಲೂಬಹುದು. ಮುಂದಿನ ಗ್ರಾಮಸಭೆಗೆ ಹೋಗಿ, ಎದ್ದು ನಿಂತು, ಪಳ್ಳವನ್ನೂ ಅದರ ಸುತ್ತಲಿನ ಬಯಲನ್ನೂ ಬಿಟ್ಟು ನಕ್ಷೆ ಬರೆಯಿರಿ ಎಂದು ಹೇಳಿ. ಬರಹದಲ್ಲಿ ಕೊಟ್ಟು, ತಲುಪಿದ್ದಕ್ಕೆ ಸಹಿ ತೆಗೆದುಕೊಂಡೇ ಕೂತುಕೊಳ್ಳಿ.