ಬಸಿಲಿಸಾ ಅಜ್ಜಿಯ ಬಾಕಿ ಆಮೆನ್

ಸಮಾರ್ ದ್ವೀಪದ ಪೂರ್ವ ದಡದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬಸಿಲಿಸಾ ಅಜ್ಜಿಯ ಹಿತ್ತಲ ನಲ್ಲಿಯ ಕೆಳಗೆ ಪುಟ್ಟ ಅಂಜೆಲಿನ್ ಕಾಲು ಚಾಚಿ ಕೂತು ಅಳುತ್ತಿದ್ದಾಳೆ. ಬೀದಿನಾಯಿಯೊಂದು ಅವಳ ಮಂಡಿಯ ಕೆಳಗೆ ಬಾಯಿ ಹಾಕಿದೆ. ತಾಯಿ ಮರಿಫೆ ಸೋಪು ಹಚ್ಚಿ ಗಾಯ ತೊಳೆಯುತ್ತಿದ್ದರೆ, ಅಜ್ಜಿ ಹುಡುಗಿಯ ನೆತ್ತಿಗೆ ಜಿಂಕೆಯ ಕೊಂಬು ಮುಟ್ಟಿಸಿ ಸಂತರನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಿದ್ದಾರೆ.

"ಅಜ್ಜೀ, ಕೈ ಸೋತೋಯ್ತು. ಕೊಂಬನ್ನ ಗಾಯದ ಮೇಲೆ ಇಟ್ಬಿಡಿ, ಸಾಕು."

"ಸಂತ ರೋಕ್ ಇನ್ನೂ ಬಂದೇ ಇಲ್ಲ ಕಣೇ. ತೊಳಿ, ತೊಳಿ. ನೀನು ನಿಲ್ಸಿದ್ರೆ ನಾನು ಮೊದಲಿಂದ ಶುರು ಮಾಡ್ಬೇಕಾಗುತ್ತೆ."

ನಾಯಿ ಕಚ್ಚಿದರೆ ಈ ಊರಿನವರು ಮೊದಲು ಓಡುವುದು ಕೊಂಬಿರುವ ಮನೆಗೆ. ಕೊಂಬು ನಂಜು ಹೀರುತ್ತದೆಂದು ಅವರ ನಂಬಿಕೆ. ಅಜ್ಜಿಗೆ ಕೊಂಬೂ ಪ್ರಾರ್ಥನೆಯೂ ಅಪ್ಪನಿಂದ ಬಂದವು. ಅಪ್ಪನ ಪ್ರಾರ್ಥನೆ ಮೂರೇ ಸಾಲಿನದು. ಗಾಯವನ್ನು ಹದಿನೈದು ನಿಮಿಷ ತೊಳೆಯಬೇಕೆಂದು ಆರೋಗ್ಯ ಕೇಂದ್ರದ ನರ್ಸ್ ಹೇಳಿದಂದಿನಿಂದ ಅಜ್ಜಿ ಅದಕ್ಕೆ ಸಂತರನ್ನು ಸೇರಿಸುತ್ತಲೇ ಬಂದಿದ್ದಾರೆ. ಸ್ವರ್ಗದಲ್ಲಿ ಇನ್ನು ಕರೆಯದೆ ಉಳಿದವರು ಕಡಿಮೆ.

"ಅಪ್ಪನ ಕೊಂಬಿಗೆ ಭಾರೀ ಹೆಸರು. ಕಚ್ಚಿದ್ ನಾಯಿಗೆಲ್ಲ ಹುಚ್ಚು ಹಿಡಿದಿರುತ್ತಾ? ಕಾಗೆ ಕೂರೋಕೂ ಕೊಂಬೆ ಮುರಿಯೋಕೂ ಸರಿಹೋಯ್ತು," ಎಂದು ಅಜ್ಜಿ ನಗುತ್ತಾರೆ. ಆ ಕೊಂಬನ್ನು ಸಮುದ್ರಕ್ಕೆ ಎಸೆದುಬಿಡಿ ಎಂದು ನರ್ಸ್ ಗದರಿದ್ದೂ ಉಂಟು. ಅದಕ್ಕೆ ಅಜ್ಜಿಯ ಉತ್ತರ: "ಎಸೀಬಹುದು ತಾಯಿ. ಆಮೇಲೆ ಜನ ಕೊಂಬಿರೋ ಬೇರೆ ಮನೆಗೆ ಹೋಗ್ತಾರೆ. ಅಲ್ಲಿ ಸೋಪು ಇರಲ್ಲ."

ಅಜ್ಜಿ ಪ್ರಾರ್ಥನೆಯ ಕೊನೆಗೆ ಆಮೆನ್ ಹೇಳುವುದಿಲ್ಲ. ದೋಣಿಯಲ್ಲಿ ಪಟ್ಟಣಕ್ಕೆ ಹೋಗಿ, ಸೂಜಿಗಳನ್ನೆಲ್ಲ ಹಾಕಿಸಿಕೊಂಡು ಬಂದವರಿಗಷ್ಟೇ ಆಮೆನ್. ಅರ್ಧಕ್ಕೆ ನಿಂತ ಪ್ರಾರ್ಥನೆಗೆ ಊರೇ ಹೆದರುತ್ತದೆ, ಹಾಗಾಗಿ ಹೋಗುತ್ತಾರೆ.

ಎನ್ಯೊ ಎಂಬ ಬೆಸ್ತ ಮಾತ್ರ ಹೋಗಲಿಲ್ಲ. ಗಾಯ ಮಾಯ್ದಿತ್ತು, ಬಲೆಗೆ ಮೀನು ಚೆನ್ನಾಗಿ ಬೀಳುತ್ತಿತ್ತು. ಕೆಲವು ತಿಂಗಳ ಮೇಲೆ ನೀರಿನ ಲೋಟ ಕಂಡು ಬೆದರತೊಡಗಿದ. ಅಷ್ಟು ಹೊತ್ತಿಗೆ ಯಾವ ಮದ್ದೂ ಉಳಿದಿರಲಿಲ್ಲ. "ಅವನ ಆಮೆನ್ನನ್ನ ಅವನನ್ನ ಹೂಳೋ ಗುಂಡಿ ಹತ್ರ ನಿಂತು ಹೇಳ್ದೆ," ಎನ್ನುವಾಗ ಅಜ್ಜಿಗೆ ಈಗಲೂ ದುಃಖ ಒತ್ತರಿಸಿ ಬರುತ್ತದೆ.

ಇತ್ತ ಸಂತರೆಲ್ಲ ಮುಗಿದಿದ್ದಾರೆ. ಮರಿಫೆ ಅಂಗಿಗೇ ಕೈ ಒರೆಸಿಕೊಂಡು ಕಾಯುತ್ತಾಳೆ.

"ಆಮೆನ್ ಹೇಳ್ಬಿಡಿ ಅಜ್ಜೀ, ಮನೇಲಿ ಅನ್ನಕ್ಕಿಡಬೇಕು."

"ಅನ್ನ ನಿನ್ನ ಗಂಡ ಬೇಯಿಸ್ಲಿ, ಕೈಯೇನು ಸವೆಯಲ್ಲ. ದೋಣಿ ಹೊರಡ್ತಿದೆ, ಏಳು."

"ನಿಮ್ಮಂಥ ಹಟಮಾರೀನ ಎಲ್ಲೂ ನೋಡಿಲ್ಲ!" ಎಂದು ಗೊಣಗುತ್ತಲೇ ಮರಿಫೆ ಮಗಳನ್ನು ಎತ್ತಿಕೊಳ್ಳುತ್ತಾಳೆ.

ತಾಯಿ ಮಗಳು ದೋಣಿ ಹತ್ತಿದ್ದನ್ನು ಕಣ್ಣಾರೆ ನೋಡಿಯೇ ಅಜ್ಜಿ ನಲ್ಲಿ ನಿಲ್ಲಿಸುತ್ತಾರೆ. ಈ ವಯಸ್ಸಿನಲ್ಲಿ ಏನಾದರೂ ಆಸೆಯುಂಟೇ ಎಂದು ಕೇಳಿದರೆ, ಸೋಪನ್ನು ಕಲ್ಲಿನ ಮೇಲೆ ಒಣಗಲಿಡುತ್ತಾ ಹೇಳುತ್ತಾರೆ:

"ನಾನು ಕಣ್ಣು ಮುಚ್ಚೋ ಹೊತ್ತಿಗೆ ಯಾರ ಆಮೆನ್ನೂ ನನ್ನ ಹತ್ರ ಬಾಕಿ ಉಳೀಬಾರದು. ಅಷ್ಟೆ."