ಸೀಬೆಮರದ ಕಾಲಂ

ನನಗೆ ಕೋಪ ಬರುವುದು ಕಡಿಮೆ. ಬಂದರೂ ಪಾತ್ರೆ ತೊಳೆಯುವ ಸದ್ದಿನಲ್ಲೇ ಮುಗಿದುಹೋಗುತ್ತದೆ. ಸಿಟ್ಟು ಬಂದಾಗ ಹತ್ತರವರೆಗೆ ಎಣಿಸಬೇಕೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಈ ಸಲ ನೂರು ದಾಟಿದರೂ ಇಳಿಯಲಿಲ್ಲ.

ಚಾಮರಾಜನಗರದ ನಮ್ಮ ಮಹಿಳಾ ಸಮಾಜದವರು ಊರಿನ ಕಸುಬುದಾರರನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕುವ ಹಾಗೆ ಮಾಡಿಸಿದರು. ಆ ಹುಡುಕುವ ಯಂತ್ರವನ್ನು ಕಟ್ಟಿಕೊಟ್ಟವರು ಗುಂಡ್ಲುಪೇಟೆಯ ಕಂಪ್ಯೂಟರ್ ಮೇಷ್ಟ್ರು ಶಿವಮಲ್ಲು. ಟೈಪಿಂಗ್ ಬರುತ್ತದೆಂಬ ಒಂದೇ ಅಪರಾಧಕ್ಕೆ ನೂರೆಂಬತ್ತು ಜನರ ವಿವರ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹೆಸರು, ಕಸುಬು, ಅಂಗಡಿ, ಫೋನು ಎಂದು ನಾಲ್ಕು ಕಾಲಂ. ಹಟ ಹಿಡಿದು ಐದನೆಯದನ್ನು ನಾನೇ ಹಾಕಿಸಿದೆ: ಗುರುತು.

ಹಾಕಿಸಿದ್ದು ಜುಬೇದಾ ಬೀ ಅವರಿಗಾಗಿ. ರೇಷ್ಮೆ ಸೀರೆಯ ಸೆರಗಿಗೆ ಆಕೆ ಕಟ್ಟುವ ಕುಚ್ಚು ನೋಡಬೇಕು, ಗಂಟುಗಳು ಸಾಸಿವೆ ಪೋಣಿಸಿದಂತಿರುತ್ತವೆ. ಆದರೆ ಆಕೆಗೆ ಅಂಗಡಿಯಿಲ್ಲ, ಫೋನಿಲ್ಲ. ಹೆಸರಾದರೂ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು? ಎಲ್ಲರಿಗೂ ಅದು ‘ಸೀಬೆಮರದ ಮನೆ’. ಗುರುತಿನ ಕಾಲಮ್ಮಿನಲ್ಲಿ ನಾನು ತುಂಬಿದ್ದೂ ಅದನ್ನೇ. ಸಮಾಜಕ್ಕೆ ಫೋನು ಮಾಡಿದವರೂ ಅದನ್ನೇ ಕೇಳುತ್ತಿದ್ದರು, ಯಂತ್ರವೂ ಹುಡುಕಿಕೊಡುತ್ತಿತ್ತು. ಇದೇನು ಹೊಸ ಪದ್ಧತಿಯಲ್ಲ. ಹಳೆಯ ದಾನಶಾಸನಗಳು ಗಡಿ ಹೇಳುವುದೂ ಮೂಡಲಿಗೆ ಹುಣಸೆಮರ, ತೆಂಕಲಿಗೆ ಹುತ್ತ ಎಂದೇ.

ಮದುವೆಗಳ ಕಾಲ ಬಂತು. ಒಂದು ದಿನ ಜುಬೇದಾ ಬೀ ನಮ್ಮ ಬಾಗಿಲಿಗೆ ಬಂದು, ಒಳಗೆ ಕರೆದರೂ ಬಾರದೆ ನಿಂತಲ್ಲೇ ಕೇಳಿದರು: “ಮೂರು ವಾರ ಆಯ್ತಮ್ಮಾ, ಒಂದು ಸೀರೇನೂ ಬರ್ಲಿಲ್ಲ. ನನ್ನ ಕೈಕೆಲ್ಸ ಕೆಟ್ಟೋಯ್ತಾ?”

ಸಮಾಜಕ್ಕೆ ಓಡಿ ‘ಸೀಬೆಮರ’ ಎಂದು ಒತ್ತಿದೆ. ಏನೂ ಸಿಗಲಿಲ್ಲ ಎಂದಿತು ಯಂತ್ರ. ‘ಕುಚ್ಚು’ ಎಂದರೆ ಅಂಗಡಿಯಿದ್ದ ನಾಲ್ವರು ಮೇಲೆ, ಎಲ್ಲರ ಕೆಳಗೆ ಬರೀ ಹೆಸರಾಗಿ ಜುಬೇದಾ ಬೀ. ನನ್ನ ಕಾಲಮ್ಮೇ ಇರಲಿಲ್ಲ.

ಮೇಷ್ಟ್ರಿಗೆ ಫೋನು ಮಾಡಿದೆ. “ಅದಾ? ನಾನೇ ತೆಗ್ದ್ಬುಟ್ಟೆ ಕಣಕ್ಕ. ಬರೀ ಮರ, ಮೋರಿ ತುಂಬಿತ್ತು. ಇಲ್ಲಿಂದ್ಲೇ ಒಂದು ಲೈನು ಕಳ್ಸುದ್ರೆ ಆಯ್ತು,” ಅಂದರು.

ಮೊದಲೆಲ್ಲ ಕಾಲಂ ಬದಲಿಸಲು ಬಸ್ಸು ಹತ್ತಿ ಬಂದು ಯಂತ್ರದೊಳಗಿನ ಫೈಲು ತಿದ್ದಬೇಕಿತ್ತಂತೆ. ಈಗ ಗುಂಡ್ಲುಪೇಟೆಯಲ್ಲಿ ಕೂತೇ ಇಂಟರ್ನೆಟ್ಟಿನಲ್ಲಿ ಒಂದು ಸಾಲಿನ ಅಪ್ಪಣೆ ಕಳಿಸಿದರೆ ಚಾಮರಾಜನಗರದ ಯಂತ್ರ ‘ಆಗಲಿ’ ಅನ್ನುತ್ತದೆ. ಇದು ಅನುಕೂಲವಂತೆ! ಬಸ್ಸಿನಲ್ಲಿ ಬಂದಿದ್ದರೆ ಕಾಫಿ ಕೊಡುವಾಗಲಾದರೂ ಯಾಕೆ ಬಂದಿರೆಂದು ಕೇಳುತ್ತಿದ್ದೆ. ನನ್ನ ಅಡುಗೆಮನೆಯ ಮೆಂತ್ಯದ ಡಬ್ಬ ಎತ್ತಿಡುವಾಗ ನಮ್ಮತ್ತೆ ಕೂಡ ಒಂದು ಮಾತು ಕೇಳುತ್ತಾರೆ.

ನನ್ನ ಇಂಗ್ಲಿಷು ಕೋಪ ಬಂದಾಗ ಹೆಚ್ಚು ಶುದ್ಧವಾಗುತ್ತದೆ. ಮೇಷ್ಟ್ರು ಹೆದರಿ ಆಗಲೇ ಇನ್ನೊಂದು ಸಾಲು ಕಳಿಸಿ ಕಾಲಂ ವಾಪಸು ತಂದರು. ನೋಡಿದರೆ ಖಾಲಿ! ಕಾಲಂ ಬಂದ ಮಾತ್ರಕ್ಕೆ ಒಳಗಿನದು ಬರುವುದಿಲ್ಲ, ಎಲ್ಲವನ್ನೂ ಹೊಸದಾಗಿ ಉಣಿಸಬೇಕಂತೆ. ಡಬ್ಬ ತಂದಿಟ್ಟರೆ ಮೆಂತ್ಯ ತಾನಾಗಿ ತುಂಬೀತೆ? ಅವರು ಕಳಿಸಿದ್ದು ಒಂದು ಸಾಲು, ನಾನು ಟೈಪು ಮಾಡಿದ್ದು ನೂರೆಂಬತ್ತು. ಒಂದೊಂದು ಅಕ್ಷರವನ್ನೂ ಕುಟ್ಟಿದ ರಭಸಕ್ಕೆ ‘ಮ’ ಬರುವ ಕೀಲಿ ಸಡಿಲವಾಯಿತು.

ಮುಗಿದ ಮೇಲೆ ಹೆಮ್ಮೆಯಿಂದ ಜುಬೇದಾ ಬೀ ಮನೆಗೆ ಹೋದೆ. ಹೋಗಿ ನೋಡಿದರೆ ಸೀಬೆಮರವೇ ಇಲ್ಲ. ಚರಂಡಿ ತೆಗೆಯುವಾಗಲೇ ಕಡಿದರಂತೆ, ಹೋದ ವರ್ಷ. ಅಷ್ಟೆಲ್ಲ ಹಾರಾಡಿದ ನನ್ನ ಮುಖ ಸಣ್ಣದಾಯಿತು. ಇನ್ನೇನು ಬರೆಯಲಿ ಎಂದು ಕೇಳಿದೆ.

“ಸೀಬೆಮರಾನೇ ಇರ್ಲಿ ಬಿಡಮ್ಮಾ. ಮರ ಹೋಯ್ತು ಅಂತ ಜನ ಹೇಳೋದು ಬಿಟ್ಟವ್ರಾ?”

ಅಷ್ಟರಲ್ಲಿ ಉಡಿಗಾಲದ ಹೆಂಗಸೊಬ್ಬಳು ಸೀರೆಯ ಚೀಲ ಹಿಡಿದು ಬಂದಳು. ಸಮಾಜದವರು ಕಂಪ್ಯೂಟರ್ ನೋಡಿ ಹೇಳಿದರಂತೆ. ಮರವಿದ್ದ ಜಾಗದಲ್ಲೇ ನಿಂತು, “ಸೀಬೆಮರದ್ ಮನೆ ಇದೇಯಾ?” ಅಂದಳು.

“ಇದೇ, ಬಾಮ್ಮಾ,” ಅಂದರು ಜುಬೇದಾ ಬೀ, ಆಗಲೇ ಚಾಪೆ ಹಾಸುತ್ತ.

ಇದನ್ನು ಮೇಷ್ಟ್ರಿಗೆ ನಾನಿನ್ನೂ ಹೇಳಿಲ್ಲ. ಇಲ್ಲದ ಮರಕ್ಕೆ ಕಾಲಂ ಯಾಕೆಂದು ಅವರು ಇನ್ನೊಂದು ಸಾಲು ಕಳಿಸಿಬಿಟ್ಟಾರು.