ಐದನೆಯ ಮನೆ

“ನಿಮಗ ದಿನಕ್ಕ ಎಷ್ಟು ಕೊಡ ನೀರ ಬೇಕ್ರಿ?”

ಬಾಡಿಗೆ ಮನೆ ಹುಡುಕುತ್ತ ಧಾರವಾಡದ ಲಕಮನಹಳ್ಳಿಗೆ ಬಂದ ನನಗೆ ಮನೆಯೊಡತಿ ಗಂಗಕ್ಕ ಕೇಳಿದ ಮೊದಲ ಪ್ರಶ್ನೆ ಇದು. ಜಾತಿ, ಸಂಬಳ, ಯಾಕೆ ಇನ್ನೂ ಮದುವೆಯಾಗಿಲ್ಲ ಎಂಬುದಕ್ಕೆಲ್ಲ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. ಇದಕ್ಕೆ ಮಾತ್ರ ಇರಲಿಲ್ಲ. ಕೊಳ್ಳೇಗಾಲದಲ್ಲಿ ಮೂವತ್ತೆರಡು ವರ್ಷ ಬದುಕಿದವಳು ನಾನು, ನೀರನ್ನು ಒಂದು ದಿನವೂ ಎಣಿಸಿರಲಿಲ್ಲ. “ಗೊತ್ತಿಲ್ಲ” ಎಂದೆ. ಅವರು ಕನಿಕರದಿಂದ ನೋಡಿ, “ಗೊತ್ತಾಗತೈತಿ. ಬರ್ರಿ ಒಳಗ” ಎಂದರು.

ಗೊತ್ತಾಯಿತು. ನಮ್ಮ ಕೊಳಾಯಿ ಇಲ್ಲಿ ‘ನಳ’. ಅದು ಬರುವುದು ಐದಾರು ದಿನಕ್ಕೊಮ್ಮೆ. ಬಂದದ್ದನ್ನು ಅಂಗಳದ ಕೆಳಗಿನ ತೊಟ್ಟಿಗೆ ತುಂಬಿಸಿಕೊಳ್ಳಬೇಕು, ಆ ತೊಟ್ಟಿ ‘ಟಾಕಿ’. ಒಂದು ಟಾಕಿಗೆ ನಾಲ್ಕು ಮನೆ: ಕೆಳಗೆ ಗಂಗಕ್ಕ, ಪಕ್ಕದಲ್ಲಿ ಅಮರಗೋಳದ ಮಾರುಕಟ್ಟೆಯಲ್ಲಿ ತೂಕದ ಕೆಲಸ ಮಾಡುವ ಬಸಣ್ಣನ ಸಂಸಾರ, ಹಿಂದುಗಡೆ ಓದುವ ಇಬ್ಬರು ಹುಡುಗಿಯರು, ಮಹಡಿಯಲ್ಲಿ ನಾನು. ಅಕ್ಕಿ ತೊಳೆದ ನೀರು ಪಾತ್ರೆಗೆ, ಬಟ್ಟೆ ಹಿಂಡಿದ ನೀರು ನೆಲಕ್ಕೆ, ನೆಲ ಒರೆಸಿದ್ದು ಗಿಡಕ್ಕೆ. ನಳ ಬಂದ ದಿನವೇ ತಲೆಸ್ನಾನ.

ನಾನು ಸರಕಾರಿ ಶಾಲೆಯ ಶಿಕ್ಷಕಿ. ಊರಿನಲ್ಲಿ ‘ಮಿಸ್ಸು’ ಆಗಿದ್ದವಳು ಇಲ್ಲಿ ‘ಅಕ್ಕೋರು’ ಆದೆ. ಆ ಕರೆಗೆ ತಿರುಗಿ ನೋಡುವುದನ್ನು ಕಲಿಯಲು ಒಂದು ತಿಂಗಳು ಹಿಡಿಯಿತು. ಮುದ್ದೆಯ ಹಂಬಲ ಹೋಗಲು ಅದಕ್ಕಿಂತ ಹೆಚ್ಚು. ಭಾನುವಾರಗಳ ಮಂಕು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಮೂರನೆಯ ವರ್ಷ, ನೀರಿನ ಪಾಳಿ ಗೊತ್ತುಮಾಡುವ ಕೆಲಸವನ್ನು ಉಳಿದ ಮೂರೂ ಮನೆಯವರು ನನಗೇ ಒಪ್ಪಿಸಿದರು. ನನ್ನೂರಿಗೆ ಫೋನು ಮಾಡಿ ಹೇಳಿಕೊಳ್ಳುವಷ್ಟು ಹೆಮ್ಮೆಯಾಯಿತು.

ಗಂಗಕ್ಕ ಮದುವೆಯಾಗಿ ಹತ್ತಿರದ ಮುಗದ ಹಳ್ಳಿಯಿಂದ ಇಲ್ಲಿಗೆ ಬಂದಾಗ ಸುತ್ತ ಜೋಳದ ಹೊಲಗಳಿದ್ದವಂತೆ. ಈಗ ನನ್ನ ಕಿಟಕಿಯಿಂದ ಕಾಣುವುದು ಮನೆಯ ಮೇಲೆ ಮನೆ. ಕಾರ್ಖಾನೆಗಳಿಗೆ ಕೆಲಸಕ್ಕೆ ಬರುವವರು ವರ್ಷವರ್ಷವೂ ಹೆಚ್ಚುತ್ತಿದ್ದಾರೆ. ನಮ್ಮ ಶಾಲೆಯಲ್ಲಿ ಇಬ್ಬರು ಕೂರುವ ಬೆಂಚಿನಲ್ಲಿ ಮೂವರು ಕೂರುತ್ತಾರೆ. ನಾಲ್ಕನೆಯವನು ಬಂದು “ತಟಗು ಸರೀರಿ” ಎನ್ನುತ್ತಾನೆ. ತಟಗು ಎಂದರೆ ಸ್ವಲ್ಪ. ಊರಿಗೆ ಊರೇ ಹಾಗೆ ತಟಗು ತಟಗು ಸರಿಯುತ್ತ ಹೊಲದೊಳಕ್ಕೆ ಬಂದುಬಿಟ್ಟಿದೆ ಅನ್ನಿಸುತ್ತದೆ.

ಆ ವರ್ಷದ ಏಪ್ರಿಲ್‌ನಲ್ಲಿ ಗಂಗಕ್ಕ ನಮ್ಮನ್ನೆಲ್ಲ ಅಂಗಳಕ್ಕೆ ಕರೆದರು. ತಾರಸಿಗೆ ಇಲ್ಲಿ ‘ಗಚ್ಚು’ ಎನ್ನುತ್ತಾರೆ. ಅದರ ಮೇಲೆ ಒಂದು ಖೋಲಿ, ಅಂದರೆ ಕೋಣೆ, ಕಟ್ಟಿಸಿ ಯಾದಗಿರಿ ಕಡೆಯ ಸಂಸಾರವೊಂದಕ್ಕೆ ಕೊಡಬೇಕೆಂದಿದ್ದರು. ಗಂಡನಿಗೆ ಇಲ್ಲೇ ಕಾರ್ಖಾನೆಯಲ್ಲಿ ಕೆಲಸ. ಹೆಂಡತಿ ಸಾವಿತ್ರಿ ಬಸುರಿ. ಏಳು ಮನೆ ಕೇಳಿದ್ದರು, ಎಲ್ಲ ಕಡೆ “ನೀರಿಲ್ಲ” ಎಂದಿದ್ದರು.

ಪಾಳಿಯ ಯಜಮಾನಿಕೆ ತಲೆಗೇರಿತ್ತೋ ಏನೋ, ನಾನು ಸೀಮೆಸುಣ್ಣ ತಂದು ಅಂಗಳದ ಕಲ್ಲಿನ ಮೇಲೆ ಬರೆದೆ. ಟಾಕಿಯಲ್ಲಿ ಇಷ್ಟು ಕೊಡ, ಇಷ್ಟು ಜನ, ಇಷ್ಟು ದಿನ. ಹುಟ್ಟುವ ಮಗುವೂ ಸೇರಿ ಇನ್ನು ಮೂವರು ಬಂದರೆ ಕೊನೆಯ ದಿನ ಕುಡಿಯಲೂ ಸಾಲದು. “ಐದನೇ ಮನೆಗೆ ಇಲ್ಲಿ ಜಾಗ ಇಲ್ಲ” ಎಂದೆ.

ಗೇಟಿನ ಬಳಿ ಸಾವಿತ್ರಿ ನಿಂತಿದ್ದಳು. ಯಾವಾಗ ಬಂದಿದ್ದಳೋ, ನಾನು ನೋಡಿರಲಿಲ್ಲ.

“ಅಕ್ಕೋರ, ನಿಮ್ಮೂರು ಇದೇ ಏನ್ರಿ?” ಎಂದಳು. ದನಿಯಲ್ಲಿ ಕೊಂಕು ಇರಲಿಲ್ಲ. ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದಳು.

ಬಸಣ್ಣ ನನ್ನ ನೆರವಿಗೆ ಬಂದ. “ಅಕ್ಕೋರ ಲೆಕ್ಕ ಖರೇ ಐತಿ ನೋಡ್ರಿ.”

“ಖರೇ ಐತಿ,” ಎಂದರು ಗಂಗಕ್ಕ. “ಅಕ್ಕೋರು ಬಂದಾಗನೂ ಖರೇನ ಇತ್ತು. ಆವಾಗ ಬ್ಯಾಡ ಅಂದಾವ ನೀನ ಅಲ್ಲೇನೋ ಬಸಣ್ಣ?”

ಬಸಣ್ಣ ತಲೆ ತಗ್ಗಿಸಿದ. ಮೂರು ವರ್ಷ ಅವನ ಮಕ್ಕಳಿಗೆ ಪಾಠ ಹೇಳಿದ್ದೇನೆ, ಅವನ ಹೆಂಡತಿ ಕೊಟ್ಟ ಬಿಸಿ ರೊಟ್ಟಿ ಉಂಡಿದ್ದೇನೆ. ನನ್ನನ್ನು ಬೇಡವೆಂದಿದ್ದನೆಂಬುದು ನನಗೆ ಗೊತ್ತೇ ಇರಲಿಲ್ಲ. ಸಿಟ್ಟು ಬರಬೇಕಿತ್ತು. ಬಂದದ್ದು ನಾಚಿಕೆ. ಅವನ ಲೆಕ್ಕವೂ ಸರಿಯಿತ್ತು, ನನ್ನದೂ ಸರಿಯಿತ್ತು, ಹಾಗಿದ್ದೂ ಒಬ್ಬ ಬಸುರಿ ಬಿಸಿಲಿನಲ್ಲಿ ನಿಂತಿದ್ದಳು.

ಅವಳನ್ನು ಒಳಗೆ ಕರೆದು ಕೂರಿಸಿದೆವು. ಲೆಕ್ಕವನ್ನು ಸುಳ್ಳು ಮಾಡಲಾಗದು, ಆದರೆ ನೀರನ್ನು ಹೆಚ್ಚಿಸಬಹುದೇ ಎಂದು ನಾನೇ ಕೇಳಿದೆ. ಹಿತ್ತಲಿನಲ್ಲಿ ಹಾಸುಗಲ್ಲು ಮುಚ್ಚಿದ ಬಾವಿಯೊಂದಿತ್ತು. ನಳ ಬಂದ ಮೇಲೆ ಕಸದ ಗುಂಡಿಯಾಗಿತ್ತು. ಅದನ್ನು ತೆಗೆಸಿ, ಗಚ್ಚಿನ ಮಳೆನೀರನ್ನು ಸೋಸಿ ಅದರೊಳಗೆ ಬಿಡುವುದೆಂದಾಯಿತು. ಗಂಗಕ್ಕ ಒಂದೇ ಷರತ್ತು ಹಾಕಿದರು: “ಮೊದಲ ನೀರ, ಆಮ್ಯಾಲ ಖೋಲಿ.” ಅಲ್ಲಿಯವರೆಗೆ ಈ ಸಂಸಾರ ಎಲ್ಲಿರಬೇಕು? ನನ್ನ ಮನೆಯ ಮುಂದಿನ ಕೋಣೆಯಲ್ಲಿ ಇರಲಿ, ನನ್ನ ಪಾಲಿನ ನೀರಿನಲ್ಲೇ ಸುಧಾರಿಸಿಕೊಳ್ಳುತ್ತೇವೆ ಎಂದೆ. ಔದಾರ್ಯ ಅಂದುಕೊಳ್ಳಬೇಡಿ, ಆ ಸೀಮೆಸುಣ್ಣದ ಅಂಕಿಗಳನ್ನು ತುಳಿದು ಓಡಾಡುವುದು ನನಗೆ ಕಷ್ಟವಾಗುತ್ತಿತ್ತು.

ಬಾವಿ ತೋಡುವವರು ಎಂಟು ದಿನ ಕಸ ಎತ್ತಿದರು. ಬಸಣ್ಣ ರಜೆ ಹಾಕಿ ಕೊಳವೆ ಜೋಡಿಸಿದ. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಟ್ಟು, ಎರಡನೆಯದನ್ನು ಬಾವಿಗೆ ತಿರುಗಿಸಿದೆವು. ಶ್ರಾವಣದ ಹೊತ್ತಿಗೆ ಬಗ್ಗಿ ನೋಡಿದರೆ ನಮ್ಮ ಮುಖ ಕಾಣುತ್ತಿತ್ತು. ಸಾವಿತ್ರಿ ನನ್ನ ಕೋಣೆಯಲ್ಲಿದ್ದಾಗಲೇ ಹೆತ್ತಳು, ಹೆಣ್ಣುಮಗು. ದೀಪಾವಳಿಗೆ ಅವರು ಮೇಲಿನ ಖೋಲಿಗೆ ಹೋದ ಮೇಲೆ ನನ್ನ ಮನೆ ಎಷ್ಟು ಖಾಲಿ ಎನಿಸಿತೆಂದರೆ, ಶಾಲೆಯಿಂದ ಬಂದವಳು ನೇರ ಗಚ್ಚು ಹತ್ತುತ್ತಿದ್ದೆ.

ಎಲ್ಲವೂ ಸುಖವಾಯಿತೆಂದು ಬರೆದರೆ ಸುಳ್ಳಾದೀತು. ಬಾವಿಯ ನೀರು ಬಟ್ಟೆ ಪಾತ್ರೆಗಷ್ಟೇ. ಯುಗಾದಿಯ ನಂತರ ಅದೂ ತಳ ಕಂಡಿತು, ಟ್ಯಾಂಕರ್ ತರಿಸಿದೆವು, ಜಗಳವೂ ಆಯಿತು. ಆ ಬೇಸಿಗೆಯಲ್ಲೇ ಇನ್ನೊಂದು ಸಂಸಾರ ಖೋಲಿ ಕೇಳಿಕೊಂಡು ಬಂತು. “ಜಾಗಾ ಇಲ್ಲ ಬಿಡ್ರಿ” ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಸಾವಿತ್ರಿ. ಗಂಗಕ್ಕ ನನ್ನ ಮುಖ ನೋಡಿದರು. ಈ ಸಲ ಅವರೂ ಇಲ್ಲವೆಂದರು, ಬಾವಿ ಒಣಗಿತ್ತಲ್ಲ. ಆದರೂ ಬಂದವರಿಗೆ ಚಹಾ ಕೊಟ್ಟು, ಬಾವಿ ಇರುವ ಇನ್ನೆರಡು ಮನೆಗಳ ಗುರುತು ಹೇಳಿ ಕಳಿಸಿದರು. ಸುಮ್ಮನೆ ಬಾಗಿಲು ಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ ಎಂದು ನಾನು ನಂಬಿದ್ದೇನೆ.

ಶಾಲೆಗೆ ರಜೆ ಬಂದಾಗ ಕೊಳ್ಳೇಗಾಲಕ್ಕೆ ಹೋದೆ. ನಮ್ಮ ಹಿಪ್ಪುನೇರಳೆ ತೋಟದ ಆಚೆ ಹೊಸ ಬಡಾವಣೆ ಎದ್ದಿತ್ತು. ಅವ್ವ ಅದನ್ನೇ ಹೇಳಿ ಹೇಳಿ ಬೈದಳು. “ಎಲ್ಲೆಲ್ಲಿಂದ್ಲೋ ಬಂದ್ಬುಟ್ಟವ್ರೆ ಕಣವ್ವ. ನಮ್ಮೂರು ನಮ್ದಾಗಿ ಉಳಿಯಾಕಿಲ್ಲ.”

“ನಾನೂ ಅಂಥವಳೇ ಅಲ್ವಾ ಅವ್ವ?” ಎಂದೆ.

ಅವ್ವ ಒಪ್ಪಲಿಲ್ಲ. “ನೀನು ಹೋಗಿರೋಳು. ಬಂದಿರೋಳಲ್ಲ.”

ಮಾರನೆಯ ಬೆಳಿಗ್ಗೆ ಚೀಲ ಹಿಡಿದು ತರಕಾರಿಗೆಂದು ಹೊರಟೆ. ನಾನು ಬಲ್ಲ ಜಾಗದಲ್ಲಿ ಮಾರುಕಟ್ಟೆ ಇರಲಿಲ್ಲ. ಅಲ್ಲೊಂದು ಅಂಗಡಿ ಸಾಲು ಏಳುತ್ತಿತ್ತು. ಕಂಗೆಟ್ಟು ನಿಂತಿದ್ದಾಗ, ಹೊಸ ಬಡಾವಣೆಯ ಕಡೆಯಿಂದ ಬಂದ ಹೆಂಗಸೊಬ್ಬಳು ಇನ್ನೂ ನಾಲಿಗೆಗೆ ಸರಿಯಾಗಿ ಹೊಂದದ ಕನ್ನಡದಲ್ಲಿ ಕೇಳಿದಳು: “ಊರಿಗೆ ಹೊಸಬ್ರಾ ನೀವು? ಬನ್ನಿ, ಮಾರ್ಕೆಟ್ ತೋರಿಸ್ತೀನಿ.”

ನಾನು ಹುಟ್ಟಿದ ಊರಿನ ಬೀದಿಗಳಲ್ಲಿ ಅವಳ ಹಿಂದೆ ಹಿಂದೆ ನಡೆದೆ.